ರಾತ್ರಿ ಎರಡಕ್ಕೂ ನೀರಿನ ಮೀಟರ್ ಓಡ್ತಿದೆ, ಮನೇಲಿ ಎಲ್ಲರೂ ಮಲಗಿರ್ತೀವಿ

ಎಂಸಿಸಿ ಬಿ ಬ್ಲಾಕ್ ಮನೆಯವಳು:
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಮನೆಗೂ ಸ್ಮಾರ್ಟ್ ಮೀಟರ್ ಕೂರಿಸಿದ್ದಾರೆ. ಗಂಟೆಗಂಟೆಯ ಲೆಕ್ಕ ಮೊಬೈಲ್‌ನಲ್ಲಿ ಗೆರೆ ಎಳೆದು ತೋರಿಸುತ್ತೆ. ಐದು ಜನ ಇದ್ದೀವಿ, ಹೋದ ತಿಂಗಳು 27,000 ಲೀಟರ್ ತೋರಿಸಿದೆ. ಅತ್ತೆ ಬೆಳಗ್ಗೆ ಐದಕ್ಕೇ ಎದ್ದು ಸ್ನಾನ, ಪೂಜೆ ಪಾತ್ರೆ, ಹೊಸ್ತಿಲು ತೊಳೆಯೋದು ಅಂತ ನಳ ಬಿಡ್ತಾರೆ, ಮನೇಲಿ ಎಲ್ಲರೂ ಅವರ ಕಡೆಗೇ ಬೊಟ್ಟು ಮಾಡ್ತಾರೆ. ನೋಡಿದ್ರೆ ಆ ಗಂಟೇಲಿ ಹೋಗೋದು 60–70 ಲೀಟರ್ ಅಷ್ಟೆ. ಆದ್ರೆ ರಾತ್ರಿ ಒಂದರಿಂದ ನಾಲ್ಕರವರೆಗೂ ಗಂಟೆಗೆ 10 ಲೀಟರ್ ಹೋಗ್ತಾನೇ ಇದೆ. ಮೀಟರೇ ಕೆಟ್ಟಿದೆಯಾ?

ಪೈಪ್ ಕೆಲಸದವ, ನಿಟ್ಟುವಳ್ಳಿ:
ಮೀಟರ್ ಕೆಟ್ಟಂಗಿಲ್ಲ ಅಕ್ಕಾ, ಎಲ್ಲೋ ಸೋರಿಕೆ ಐತಿ. ತಿಂಗಳ ಮೊತ್ತ ಆಮೇಲೆ ನೋಡ್ರಿ, ಮೊದಲು ರಾತ್ರಿ ಎರಡರಿಂದ ನಾಲ್ಕರ ಗೆರೆ ನೋಡ್ರಿ. ಎಲ್ಲರೂ ಮಲಗಿದಾಗ ಅದು ಸೊನ್ನೆ ಮುಟ್ಟಲೇಬೇಕು. ಗಂಟೆಗೆ 10 ಅಂದ್ರೆ ದಿನಕ್ಕೆ 240, ತಿಂಗಳಿಗೆ 7,200. ಅದನ್ನ ಕಳೆದ್ರೆ ಉಳಿಯೋದು 19,800, ಅಂದ್ರೆ ದಿನಕ್ಕೆ ತಲೆಗೆ 132 ಲೀಟರ್. ನಗರದ ನೀರಿನ ಯೋಜನೆ ಹಾಕುವಾಗ ಸರ್ಕಾರ ಹಿಡಿಯೋ ಲೆಕ್ಕಾನೇ ತಲೆಗೆ 135. ನಿಮ್ಮ ಮನೇಲಿ ಯಾರೂ ಪೋಲು ಮಾಡ್ತಿಲ್ಲ. ಅಜ್ಜಿಗೆ ಏನೂ ಅನ್ನಬೇಡ್ರಿ.

ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಬಿಡ್ರಿ. ಫ್ಲಶ್ ಮಾಡಬೇಡ್ರಿ, ಅರ್ಧ ಗಂಟೆ ಬಿಟ್ಟು ಕಮೋಡ್ ನೋಡ್ರಿ. ನೀಲಿ ಇಳಿದಿದ್ರೆ ಒಳಗಿನ ರಬ್ಬರ್ ವಾಷರ್ ಹೋಗೈತಿ. ಈ ಸೋರಿಕೆಗೆ ಸದ್ದಿರಲ್ಲ, ನೆಲವೂ ಒದ್ದೆ ಆಗಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಭದ್ರಾ ಕಾಲುವೆ ನಿಂತಾಗ ನಮ್ಮ ದಾವಣಗೆರೆಗೆ ನೀರು ಕೊಡೋ ಕುಂದವಾಡ ಕೆರೆ ಇಳಿಯೋದನ್ನ ನೋಡಿದವರು ನಾವು, ಹಿಂಗೆ ಹೋಗೋ ನೀರು ಕಂಡ್ರೆ ಹೊಟ್ಟೆ ಉರೀತೈತಿ.

ವಿದ್ಯಾನಗರ, ಸ್ವಂತ ಮನೆ:
ಸಂಪು ಇರೋರು ಈ ಲೆಕ್ಕಾನ ಹಾಗೇ ಹಿಡಿಯಬೇಡಿ. ನಮ್ಮ ಮೀಟರ್ ಗೇಟಿನ ಹತ್ರ, ಸಂಪಿಗಿಂತ ಮೊದಲೇ ಇದೆ. ಸಂಪು ತುಂಬಿದ ಹೊತ್ತು ಬಿಟ್ರೆ ಸ್ನಾನ, ವಾಷಿಂಗ್ ಮಷೀನ್ ಯಾವುದೂ ಅದರಲ್ಲಿ ಕಾಣಲ್ಲ. ನಳದಲ್ಲಿ ನೀರು ಬರದ ರಾತ್ರಿ ಮೇಲಿನ ಟ್ಯಾಂಕಿಂದ ಎಷ್ಟೇ ಸೋರಿದ್ರೂ ಗೆರೆ ಸೊನ್ನೆಯೇ. ನಾನು ಮಲಗುವಾಗ ಮೋಟರ್ ಆಫ್ ಮಾಡಿ, ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡ್ತೀನಿ. ಬೆಳಗ್ಗೆ ಯಾರೂ ನಳ ಮುಟ್ಟೋ ಮೊದಲು ಮತ್ತೆ ಅಳೀತೀನಿ.

ಎಂಸಿಸಿ ಬಿ ಬ್ಲಾಕ್ ಮನೆಯವಳು:
ಹಿಂದಿನ ಬಾತ್‌ರೂಮಲ್ಲಿ ನೀಲಿ ಇಳಿದಿತ್ತು ಅಣ್ಣಾ! ಆ ಟ್ಯಾಂಕಿಗೆ ಹೋಗೋ ನೀರು ಬಂದ್ ಮಾಡಿ ಮಲಗಿದ್ವಿ, ರಾತ್ರಿ ಗೆರೆ ಸೊನ್ನೆಗೆ ಬಂತು. ಅತ್ತೆಗೇ ಮೊದಲು ತೋರಿಸಿದೆ. ಇನ್ನೊಂದು ವಿಷಯ, ಅಸೋಸಿಯೇಷನ್‌ನವರು ಎಲ್ಲರ ಗಂಟೆ ಲೆಕ್ಕಾನೂ ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ ಅಂತಿದ್ದಾರೆ. ಒಪ್ಪಬಹುದಾ?

ಪೈಪ್ ಕೆಲಸದವ, ನಿಟ್ಟುವಳ್ಳಿ:
ಒಪ್ಪಬೇಡ್ರಿ. ಎರಡು ದಿನ ಗೆರೆ ಸೊನ್ನೆ ಇದ್ರೆ ಮನೆಗೆ ಬೀಗ ಹಾಕೈತಿ ಅಂತ ನೋಡಿದವರಿಗೆಲ್ಲ ತಿಳೀತೈತಿ. ತಿಂಗಳ ಮೊತ್ತ ಹಾಕಲಿ, ಗಂಟೆ ಲೆಕ್ಕ ಆಯಾ ಮನೆಯವರಿಗಷ್ಟೇ ಇರಲಿ. ಆಮೇಲೆ ವಾಷರ್ ತರೋಕೆ ಹೋಗುವಾಗ ಹಳೇದನ್ನ ಹಿಡ್ಕೊಂಡು ಹೋಗ್ರಿ, ಅಳತೆ ಒಂದೇ ಥರ ಇರಲ್ಲ.