ಮೆದುಳಿನಲ್ಲಿ ಎಷ್ಟು ಟೆರಾಬೈಟ್ ಹಿಡಿಸುತ್ತದೆ?

ಪ್ರಶ್ನೆ
ಮನುಷ್ಯನ ಮೆದುಳಿಗೆ ಇಷ್ಟು ಟೆರಾಬೈಟ್, ಅಷ್ಟು ಪೆಟಾಬೈಟ್ ಎಂದು ಲೆಕ್ಕ ಹೇಳುತ್ತಾರಲ್ಲ, ಅದನ್ನು ಅಳೆದದ್ದು ಹೇಗೆ? ಅಷ್ಟು ಜಾಗವಿದ್ದೂ 12 ಅಂಕಿಯ ಸಂಖ್ಯೆಯೊಂದು ತಲೆಯಲ್ಲಿ ನಿಲ್ಲುವುದಿಲ್ಲ, ಏಕೆ?

ಉತ್ತರ 1
ಅದು ಅಳೆದದ್ದಲ್ಲ, ಗುಣಿಸಿದ್ದು. ಮೆದುಳಿನ ನರಕೋಶಗಳು ಸುಮಾರು 8,600 ಕೋಟಿ. ಅವುಗಳ ನಡುವಿನ ಕೊಂಡಿಗಳಾದ ಸಿನಾಪ್ಸ್‌ಗಳು 100ರಿಂದ 1,000 ಲಕ್ಷ ಕೋಟಿ ಎಂದು ಅಂದಾಜು. 2015ರಲ್ಲಿ ಇಲಿಯ ಮೆದುಳಿನಲ್ಲಿ ನೆನಪಿಗೆ ಮುಖ್ಯ ಭಾಗವಾದ ಹಿಪೊಕ್ಯಾಂಪಸ್‌ನ ಪುಟ್ಟ ಚೂರೊಂದರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದಾಗ, ಸಿನಾಪ್ಸ್‌ಗಳ ಗಾತ್ರದಲ್ಲಿ ಸುಮಾರು 26 ಮಟ್ಟಗಳನ್ನು ಬೇರ್ಪಡಿಸಬಹುದು ಎಂದು ಕಂಡಿತು. 26 ಮಟ್ಟ ಅಂದರೆ ತಲಾ 4.7 ಬಿಟ್ (ಬಿಟ್ ಎಂದರೆ ಹೌದು-ಇಲ್ಲ ಎಂಬ ಒಂದು ಆಯ್ಕೆಯಷ್ಟು ಮಾಹಿತಿ; 8 ಬಿಟ್ ಸೇರಿ ಒಂದು ಬೈಟ್). ಗುಣಿಸಿ 8ರಿಂದ ಭಾಗಿಸಿ: 59ರಿಂದ 590 ಟೆರಾಬೈಟ್. ಅಂದಾಜಿನಲ್ಲೇ ಹತ್ತುಪಟ್ಟು ಅಂತರ! ಅಲ್ಲದೆ, ಆ 26 ಮಟ್ಟಗಳು ನಮ್ಮ ಕಣ್ಣಿಗೆ ಬಿದ್ದ ಮಾತ್ರಕ್ಕೆ ಮೆದುಳು ಅಷ್ಟನ್ನೂ ನೆನಪಿಗೆ ಬಳಸುತ್ತದೆ ಎಂದಾಗುವುದಿಲ್ಲ.

ಉತ್ತರ 2
12 ಅಂಕಿಯ ವಿಷಯಕ್ಕೆ ಬಂದರೆ, ಬಿಟ್ಟಿನಲ್ಲಿ ಅಳೆಯುವುದೇ ತಪ್ಪು ಎಂದು 1956ರಲ್ಲೇ ಗೊತ್ತಾಗಿತ್ತು. ಮಾಹಿತಿಯನ್ನು ಬಿಟ್ಟುಗಳಲ್ಲಿ ಅಳೆಯಲು ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಮಾಹಿತಿ ಸಿದ್ಧಾಂತವನ್ನು ಮನಸ್ಸಿಗೆ ಹಚ್ಚಿ ನೋಡಿದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್, ತಕ್ಷಣದ ನೆನಪಿನ ಮಿತಿ ಬಿಟ್ಟುಗಳದ್ದಲ್ಲ, ಗುಂಪುಗಳದ್ದು ಎಂದರು. ಅವರ ಲೆಕ್ಕ ಏಳರ ಆಸುಪಾಸು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. 194819562001 ಎಂಬುದನ್ನು ಬಿಡಿ ಅಂಕಿಗಳಾಗಿ ಓದಿದರೆ ಜಾರುತ್ತದೆ, ಮೂರು ಇಸವಿಗಳಾಗಿ ಓದಿದರೆ ನಿಲ್ಲುತ್ತದೆ. ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ಗೆ ಈ ಎರಡರಲ್ಲಿ ವ್ಯತ್ಯಾಸವೇ ಇಲ್ಲ.

ಪ್ರಶ್ನೆ ಕೇಳಿದವರು
ಹಾಗಾದರೆ ಕಂಪ್ಯೂಟರಿನ ಹೋಲಿಕೆಯನ್ನೇ ಬಿಟ್ಟುಬಿಡಬೇಕೇ?

ಉತ್ತರ 3
ಬಿಡಬೇಕಾದದ್ದು ಹಾರ್ಡ್‌ಡಿಸ್ಕನ್ನು. ಡಿಸ್ಕಿನಲ್ಲಿ ಪ್ರತಿ ಕಡತಕ್ಕೂ ಒಂದು ವಿಳಾಸ ಉಂಟು. ನರಕೋಶಗಳ ಜಾಲದ ಗಣಿತ ಮಾದರಿಯಾದ 1982ರ ಹಾಪ್‌ಫೀಲ್ಡ್ ಜಾಲದಲ್ಲಿ ಅದಿಲ್ಲ: ನೆನಪಿಡಬೇಕಾದ ಎಲ್ಲ ವಿನ್ಯಾಸಗಳೂ ಅದೇ ಕೊಂಡಿಗಳ ತೂಕದಲ್ಲಿ (ಬಲದಲ್ಲಿ) ಒಂದರ ಮೇಲೊಂದು ಕೂತಿರುತ್ತವೆ, ಅರ್ಧ ತುಣುಕು ಕೊಟ್ಟರೆ ಇಡಿಯದು ಎದ್ದು ಬರುತ್ತದೆ. ಒಟ್ಟಿಗೆ ಸಕ್ರಿಯವಾಗುವ ಘಟಕಗಳ ನಡುವಿನ ಕೊಂಡಿ ಬಲಗೊಳ್ಳಲಿ ಎಂಬ ಹೆಬ್ ನಿಯಮದಿಂದ ಕಲಿಸಿದರೆ 100 ಘಟಕಗಳ ಜಾಲ ಹಿಡಿಯುವುದು ಸುಮಾರು 14 ವಿನ್ಯಾಸ. ಅದಕ್ಕಿಂತ ಹೆಚ್ಚು ತುಂಬಿದರೆ "ಜಾಗವಿಲ್ಲ" ಎಂಬ ಸಂದೇಶವೇನೂ ಬರುವುದಿಲ್ಲ. ಎಂದೂ ಕಲಿಸದ ಮಿಶ್ರ ವಿನ್ಯಾಸಗಳು ನೆನಪಿನ ವೇಷದಲ್ಲಿ ಹೊರಬರುತ್ತವೆ.

ಮನುಷ್ಯರ ನೆನಪು ತಪ್ಪುವ ರೀತಿಯೂ ಡಿಸ್ಕಿನಂತಲ್ಲ. ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಎಲ್ಲರಿಗೂ ಒಂದೇ ಅಪಘಾತದ ಚಲನಚಿತ್ರ ತೋರಿಸಿ, ಕೆಲವರಿಗೆ ಕಾರುಗಳು "ತಾಗಿದಾಗ" ವೇಗವೆಷ್ಟು ಎಂದೂ ಕೆಲವರಿಗೆ "ಅಪ್ಪಳಿಸಿದಾಗ" ಎಂದೂ ಕೇಳಿದರು. ವಾರದ ನಂತರ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರು ಮೊದಲ ಗುಂಪಿನ 50ರಲ್ಲಿ 7, ಎರಡನೆಯದರಲ್ಲಿ 16. ಕೆಟ್ಟ ಡಿಸ್ಕ್ ಕಡತ ಕಳೆಯುತ್ತದೆ, ಗಾಜು ಸೇರಿಸುವುದಿಲ್ಲ.