ಉಣಕಲ್ ದಂಡೆ ಮೇಲೆ ಮುಲ್ಕಿಯ ಅಲೆ

ಸಮುದ್ರದ ವಿಷಯ ಮಾತಾಡಬೇಕಾದರೆ ಸಮುದ್ರದ ಪಕ್ಕದಲ್ಲೇ ಇರಬೇಕು ಅಂತ ಯಾವ ಕಾನೂನೂ ಇಲ್ಲ. ಹುಬ್ಬಳ್ಳಿಯವರು ಮಾತಿಗೆ ಅಷ್ಟೆಲ್ಲ ಅರ್ಹತೆ ಕೇಳುವವರೂ ಅಲ್ಲ. ಸಂಜೆ ಉಣಕಲ್ ಕೆರೆ ದಂಡೆ ಮೇಲೆ ನಮ್ಮ ಬೆಂಚಿಗೆ ಬಂದು ಕೂತರೆ ಅಮೆರಿಕದ ಚುನಾವಣೆಯಿಂದ ಹಿಡಿದು ಬಿಆರ್‌ಟಿಎಸ್ ಬಸ್ಸಿನವರೆಗೆ ಎಲ್ಲದಕ್ಕೂ ಅಲ್ಲೇ ತೀರ್ಪು ಸಿಗುತ್ತದೆ. ಈ ವಾರ ಕಟಕಟೆಗೆ ಬಂದದ್ದು ಮಂಗಳೂರು ಹತ್ತಿರದ ಮುಲ್ಕಿಯ ಅಲೆ.

ತಂದವನು ಸಾಹುಕಾರನ ತಮ್ಮನ ಮಗ. ಬೆಂಗಳೂರಿನಲ್ಲಿ ಕೆಲಸ, ಮೇ ತಿಂಗಳ ಸೂಟಿಗೆ ಊರಿಗೆ ಬಂದಿದ್ದಾನೆ. ಬಂದ ದಿನದಿಂದ ಒಂದೇ ಹಟ, ಸರ್ಫಿಂಗ್ ಮಾಡಬೇಕು, ಅಂದರೆ ಹಲಗೆ ಮೇಲೆ ನಿಂತು ಅಲೆ ಸವಾರಿ. ಗಾಡಿ ಬೇಕು, ಜೊತೆಗೆ ಜನ ಬೇಕು. ಅದಕ್ಕೇ ಫೋನಿನಲ್ಲಿ ಅಲೆಯ ಮುನ್ಸೂಚನೆ ತೆರೆದುಕೊಂಡು ನಮ್ಮ ಬೆಂಚಿಗೇ ಬಂದ.

"ನೋಡು ಕಾಕಾ, ಶನಿವಾರ ಮುಲ್ಕಿ. 0.9 ಮೀಟರ್, 13 ಸೆಕೆಂಡ್, ದಕ್ಷಿಣ-ನೈಋತ್ಯ. ಬೆಳಿಗ್ಗೆ ಗಾಳಿ 6 ಕಿಲೋಮೀಟರ್, ಪೂರ್ವದಿಂದ. ಸೂಪರ್ ಅಲ್ವಾ?"

ಸಾಹುಕಾರ ಕನ್ನಡಕ ಏರಿಸಿ ನೋಡಿದ. "ಏನಪಾ ಇದು, ಓಸಿ ನಂಬರಾ?"

ಬುಕಿಂಗ್ ಜೋರಾಗಿ ನಕ್ಕ. ಅವನಿಗೆ ಲಾರಿ ಬುಕಿಂಗ್ ಆಫೀಸಿದೆ, ಹಾಗಾಗಿ ಹೆಸರೇ ಬುಕಿಂಗ್ ಆಗಿಬಿಟ್ಟಿದೆ. ಅಂಕೋಲಾ ರಸ್ತೆಯಲ್ಲಿ ಓಡಾಡುವ ಮೀನಿನ ಗಾಡಿಯವರೆಲ್ಲ ಪರಿಚಯ. ಅಷ್ಟರ ಮೇಲೆ ತನಗೆ ಅರಬ್ಬಿ ಸಮುದ್ರವೂ ಪರಿಚಯ ಅಂತ ಅವನ ಲೆಕ್ಕ.

"0.9 ಮೀಟರ್ ಅಂದರೆ ಮೂರು ಫೂಟು. ಅದಕ್ಕೇನು ಅಷ್ಟು ದೂರ ಹೋಗಬೇಕು? ನಮ್ಮ ಓಣಿಯಲ್ಲಿ ಮಳೆ ಬಂದಾಗ ಅಷ್ಟೇ ನೀರು ನಿಲ್ಲುತ್ತದೆ, ಹಲಗೆ ತೊಗೊಂಡು ಬಾ."

"ಎತ್ತರ ಬಿಡು ಮಾಮಾ, ಸೆಕೆಂಡ್ ನೋಡು. 13 ಇದೆ!"

ಅಷ್ಟೊತ್ತು ಸುಮ್ನೆ ಕೂತಿದ್ದ ಮಾಸ್ತರು ಆಗ ಗಂಟಲು ಸರಿಮಾಡಿಕೊಂಡರು. ಭೂಗೋಳ ಪಾಠ ಮಾಡಿ ನಿವೃತ್ತರಾದವರು ಅವರು. ಅವರ ಗಂಟಲು ಸರಿಯಾಯಿತು ಅಂದರೆ ಅರ್ಧ ತಾಸು ನಮ್ಮದಲ್ಲ.

"ಹುಡುಗ ಖರೆ ಹೇಳುತ್ತಿದ್ದಾನೆ. ಒಂದು ಅಲೆ ಬಂದ ಮೇಲೆ ಮುಂದಿನ ಅಲೆ ಬರುವವರೆಗಿನ ಹೊತ್ತು ಅದು. ಐದು ಸೆಕೆಂಡಿಗೊಂದು ಬಂದರೆ ಅಲ್ಲೇ ಹತ್ತಿರದ ಗಾಳಿಗೆ ಎದ್ದ ಚಿಲ್ಲರೆ ಅಲೆ. 13 ಸೆಕೆಂಡ್ ಅಂದರೆ ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿದ್ದು."

ಸಾಹುಕಾರನ ಕಿಸೆಯಿಂದ ಒಂದು ಮದುವೆ ಪತ್ರಿಕೆ ಎಳೆದುಕೊಂಡು ಅದರ ಬೆನ್ನಿಗೆ ಲೆಕ್ಕ ಶುರು ಮಾಡಿದರು. ಆಳ ನೀರಿನಲ್ಲಿ ಒಂದು ಅಲೆಯಿಂದ ಇನ್ನೊಂದು ಅಲೆಗೆ ಎಷ್ಟು ದೂರ ಅಂತ ತಿಳಿಯಬೇಕಾದರೆ, ಸೆಕೆಂಡನ್ನು ಸೆಕೆಂಡಿನಿಂದಲೇ ಗುಣಿಸಿ ಮತ್ತೆ 1.56ರಿಂದ ಗುಣಿಸಬೇಕಂತೆ. ಐದು ಸೆಕೆಂಡಿನ ಅಲೆಗೆ 39 ಮೀಟರ್ ಬಂತು. 13ಕ್ಕೆ ಬಂದದ್ದು ಸುಮಾರು 264 ಮೀಟರ್.

"ಆ ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗಲೇ ಅಲೆಗೆ ತಳ ತಾಗಲು ಶುರು. ಚಿಲ್ಲರೆ ಅಲೆಗೆ 20 ಮೀಟರ್ ಆಳದವರೆಗೆ ತಳ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಈ ದೊಡ್ಡದಕ್ಕೆ 130 ಮೀಟರ್ ಆಳದಲ್ಲೇ ಗೊತ್ತಾಗುತ್ತದೆ. ದಡ ಬಂದ ಹಾಗೆ ನಿಧಾನ ಆಗುತ್ತದೆ, ಹಿಂದಿನ ನೀರು ಬಂದು ಒತ್ತುತ್ತದೆ, ಎತ್ತರ ಏರುತ್ತದೆ. ಫೋನಿನಲ್ಲಿ ಮೂರು ಫೂಟು ಇದ್ದದ್ದು ದಡದಲ್ಲಿ ಮೂರೇ ಫೂಟು ಇರಬೇಕು ಅಂತೇನಿಲ್ಲ."

"ಮತ್ತೆ ಆ 0.9 ಅನ್ನುವುದು ಎಲ್ಲಾ ಅಲೆಯ ಸರಾಸರಿನೂ ಅಲ್ಲ," ಹುಡುಗ ಸೇರಿಸಿದ. "ಎಲ್ಲಕ್ಕಿಂತ ದೊಡ್ಡ ಮೂರರಲ್ಲೊಂದು ಪಾಲು ಅಲೆಗಳನ್ನು ಆರಿಸಿ, ಅವುಗಳದ್ದಷ್ಟೇ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟೂ ಬರಬಹುದು."

"ಅಂದರೆ ಬೋರ್ಡಿನ ಮೇಲೆ ಒಂದು ರೇಟು, ಕೈಗೆ ಬರುವ ಬಿಲ್ಲು ಇನ್ನೊಂದು," ಅಂದ ಬುಕಿಂಗ್, ಸಾಹುಕಾರನ ಕಡೆ ನೋಡುತ್ತ. ಸಾಹುಕಾರನದು ಕಿರಾಣಿ ಅಂಗಡಿ. ಅವನು ಕೇಳಿಸಲಿಲ್ಲ ಅನ್ನುವ ಹಾಗೆ ಕೆರೆ ನೋಡಿದ.

"ಎಲ್ಲಿಂದ ಬರುತ್ತದೆ ಅಂದಿರಿ ಮಾಸ್ತರ?" ನಾನು ಕೇಳಿದೆ. ಕೇಳಬಾರದಿತ್ತು, ಆದರೆ ಹರಟೆಗೆ ಯಾರಾದರೂ ಸೌದೆ ಹಾಕಲೇಬೇಕಲ್ಲ.

"ಅಂಟಾರ್ಟಿಕಾದ ಈಚೆಗೆ, 40-50 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ನಮಗೆ ಬೇಸಿಗೆ ಇದ್ದಾಗ ಅಲ್ಲಿ ಚಳಿಗಾಲ ಶುರುವಾಗುತ್ತಿರುತ್ತದೆ, ಬಿರುಗಾಳಿ ಬಿಡುವುದೇ ಇಲ್ಲ. ಅಲ್ಲಿಂದ ಮುಲ್ಕಿಗೆ ಆರು ಸಾವಿರ ಕಿಲೋಮೀಟರಿಗೂ ಜಾಸ್ತಿ. ಒಂದೊಂದು ಅಲೆಯ ಓಟ ತಾಸಿಗೆ 73 ಕಿಲೋಮೀಟರ್. ಆದರೆ ಗುಂಪು ಸಾಗುವುದು ಅದರ ಅರ್ಧ ವೇಗದಲ್ಲಿ, 36 ಚಿಲ್ಲರೆ."

"ಇದೆಂಥ ಲೆಕ್ಕ? ಎಲ್ಲರೂ 73ರಲ್ಲಿ ಓಡಿದರೆ ಗುಂಪು ಹೇಗೆ 36 ಆಗುತ್ತದೆ?" ಸಾಹುಕಾರ ಲೆಕ್ಕದಲ್ಲಿ ಮೋಸ ಸಹಿಸುವವನಲ್ಲ, ತನ್ನದನ್ನು ಬಿಟ್ಟು.

ಮಾಸ್ತರು ತಲೆ ಕೆರೆದುಕೊಂಡರು. ಬುಕಿಂಗ್‌ಗೆ ಮಾತ್ರ ತಟ್ಟನೆ ಹೊಳೆಯಿತು. "ಗಣಪತಿ ಮೆರವಣಿಗೆ ನೋಡಿಲ್ಲೇನಲೇ? ಹುಡುಗರು ಹಿಂದಿನಿಂದ ಕುಣಿಯುತ್ತ ಓಡಿ ಮುಂದೆ ಬರುತ್ತಾರೆ, ಮುಂದೆ ಬಂದವರು ಸುಸ್ತಾಗಿ ಬದಿಗೆ ಸರಿಯುತ್ತಾರೆ, ಅಷ್ಟರಲ್ಲಿ ಹಿಂದೆ ಹೊಸ ಹುಡುಗರು ಸೇರುತ್ತಾರೆ. ಓಡುವವರು ಓಡುತ್ತಲೇ ಇದ್ದಾರೆ. ಮೆರವಣಿಗೆ ಮಾತ್ರ ತನ್ನ ನಡಿಗೆಯಲ್ಲೇ ಹೋಗುತ್ತದೆ."

ಮಾಸ್ತರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಇಂಥದ್ದು ಒಗ್ಗುವುದಿಲ್ಲ. ಆಮೇಲೆ "ಹಾಗೇ ಅಂದುಕೊಳ್ಳಿ" ಅಂದರು. ನನ್ನನ್ನು ಕೇಳಿದರೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಗುಂಪಿನ ಮುಂದಿನ ಅಲೆ ಸಾಯುತ್ತದೆ, ಹಿಂದೆ ಹೊಸದು ಹುಟ್ಟುತ್ತದೆ. ಬೆಂಚಿನ ಮೇಲೆ ಕೂತವರಿಗೆ ಅಷ್ಟು ಸಾಕು.

"ದಿನಕ್ಕೆ ಎಂಟುನೂರ ಎಪ್ಪತ್ತು ಕಿಲೋಮೀಟರ್," ಮಾಸ್ತರು ಪತ್ರಿಕೆಯ ಬೆನ್ನು ನೋಡಿ ಓದಿದರು. ವರನ ತಂದೆಯ ಹೆಸರಿನವರೆಗೂ ಶಾಯಿ ಇಳಿದಿತ್ತು. "ಏಳೆಂಟು ದಿನದಲ್ಲಿ ಮುಲ್ಕಿ."

"ಹುಬ್ಬಳ್ಳಿ-ಅಂಕೋಲಾ ರೈಲಿಗಿಂತ ಎಷ್ಟೋ ವಾಸಿ," ಅಂದ ಬುಕಿಂಗ್. "ನಾವು ಚಡ್ಡಿ ಹಾಕಿದಾಗಿನಿಂದ ಅದು ಬರುತ್ತಲೇ ಇದೆ. ಅಲೆಯಾದರೂ ಬಂದು ಮುಟ್ಟುತ್ತದೆ."

ಸಾಹುಕಾರನಿಗೆ ಬೇರೆಯದೇ ಚಿಂತೆ. "ಹಂಗಾದರೆ ಆ ಬಿರುಗಾಳಿ ಬಂದು ಹೋಗಿ ವಾರ ಆಯಿತು. ಈಗ ಇವನು ತೋರಿಸುವುದು ಹಳೇ ಸ್ಟಾಕು?"

"ಹಳೇ ಸ್ಟಾಕೇ ಕಾಕಾ. ಅದಕ್ಕೇ ನಂಬಬಹುದು. ಬಿರುಗಾಳಿ ಆಗಿಹೋಗಿದೆ, ಅಲೆ ದಾರಿಯಲ್ಲಿದೆ. ಯಾವಾಗ ಮುಟ್ಟುತ್ತದೆ ಅಂತ ನಾಲ್ಕೈದು ದಿನ ಮೊದಲೇ ಹೇಳಬಹುದು. ಉದ್ದದ ಅಲೆಗಳು ಜೋರಾಗಿ ಓಡುತ್ತವೆ, ಮೊದಲು ಅವೇ ಬರುತ್ತವೆ. 16, 17 ಸೆಕೆಂಡಿನವು ಸಣ್ಣಗೆ ಕಾಣಿಸಿಕೊಂಡರೆ ಹಿಂದೆ ದಂಡು ಇದೆ ಅಂತ. ಕೈಕೊಡುವುದು ಗಾಳಿ. ಅದು ಆ ದಿನದ್ದೇ ಮಾತು."

ಇಲ್ಲಿ ಮಾಸ್ತರಿಗೆ ಮತ್ತೆ ಹುರುಪು ಬಂತು. ಅಲೆಯನ್ನು ಮುಂಚಿತವಾಗಿ ಹೇಳುವ ವಿದ್ಯೆ ಬೆಳೆದದ್ದೇ ಯುದ್ಧದಲ್ಲಿ ಅಂದರು. ಸಮುದ್ರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಅವರ ಗುರು ಹೆರಾಲ್ಡ್ ಸ್ವೆರ್ಡ್ರುಪ್ ಸೈನ್ಯಕ್ಕಾಗಿ ಈ ಲೆಕ್ಕ ಕಟ್ಟಿಕೊಟ್ಟರು. 1944ರ ಜೂನ್ 6ಕ್ಕೆ ನಾರ್ಮಂಡಿ ದಡದಲ್ಲಿ ಸೈನಿಕರು ಇಳಿದರಲ್ಲ, ಆಗ ಅದು ಕೆಲಸಕ್ಕೆ ಬಂತು. 1963ರಲ್ಲಿ ಇದೇ ಮಂಕ್ ದಕ್ಷಿಣದ ಬಿರುಗಾಳಿಯ ಅಲೆ ಪೆಸಿಫಿಕ್ ದಾಟಿ ಅಲಾಸ್ಕಾದವರೆಗೆ ಹೋಗುವುದನ್ನು ದ್ವೀಪ ದ್ವೀಪದಲ್ಲಿ ಯಂತ್ರ ಇಟ್ಟು ಅಳೆದರು.

"ಅವರು ಯುದ್ಧಕ್ಕೆ ಮಾಡಿದ್ದು, ಇವನು ಸೂಟಿಗೆ ಬಳಸುತ್ತಾನೆ," ಸಾಹುಕಾರ ಗೊಣಗಿದ. "ನಮ್ಮ ದೇಶದಲ್ಲಿ ಇದನ್ನು ಯಾರು ಹೇಳುವವರು?"

"ಇನ್‌ಕಾಯ್ಸ್. ಸರ್ಕಾರದ್ದೇ ಸಂಸ್ಥೆ. ಮೀನುಗಾರರಿಗೆ ಅಲೆ, ಗಾಳಿ, ಸೆಳೆತ ಎಲ್ಲದರ ಮುನ್ಸೂಚನೆ ಕೊಡುತ್ತದೆ. 2007ರಿಂದ ಸುನಾಮಿ ಎಚ್ಚರಿಕೆಯ ಕೇಂದ್ರವೂ ಅಲ್ಲೇ ಇದೆ."

"ಎಲ್ಲಿ? ಮಂಗಳೂರಾ? ಮುಂಬೈಯಾ?"

"ಹೈದರಾಬಾದ್."

ಎಲ್ಲರೂ ಒಂದು ಕ್ಷಣ ಹುಡುಗನ ಮುಖ ನೋಡಿದೆವು. ಬುಕಿಂಗ್ ಎದ್ದೇ ನಿಂತ. "ಹೈದರಾಬಾದಿಗೆ ಯಾವ ಸಮುದ್ರ ಇದೆಯೋ? ಹುಸೇನ್ ಸಾಗರ ನೋಡಿ ಹೇಳುತ್ತಾರೇನು? ಅಲ್ಲಿ ಕೂತು ಅವರು ಹೇಳಬಹುದಾದರೆ ಉಣಕಲ್ ಕೆರೆ ಏನು ಪಾಪ ಮಾಡಿದೆ? ನಾಳೆಯಿಂದ ನಮ್ಮದೂ ಒಂದು ಕೇಂದ್ರ!"

ಲೆಕ್ಕವೆಲ್ಲ ಕಂಪ್ಯೂಟರಿನದು, ಮಾಹಿತಿ ಉಪಗ್ರಹದಿಂದಲೂ ಸಮುದ್ರದಲ್ಲಿ ತೇಲಿಬಿಟ್ಟ ಯಂತ್ರಗಳಿಂದಲೂ ಬರುತ್ತದೆ, ಕುರ್ಚಿ ಎಲ್ಲಿದ್ದರೇನು ಅಂತ ಹುಡುಗ ಹೇಳುತ್ತಲೇ ಇದ್ದ. ಕೇಳುವವರಾರು? ನಮ್ಮ ಬೆಂಚಿಗೆ ಆಗಲೇ ಅಧಿಕೃತ ಮಾನ್ಯತೆ ಸಿಕ್ಕಿತ್ತು. ಸಾಹುಕಾರ ಒಂದು ಪೊಟ್ಟಣ ಮಿರ್ಚಿ ತರಿಸಿದ, ಕೇಂದ್ರದ ಉದ್ಘಾಟನೆಗೆ.

ಮಿರ್ಚಿ ಖಾರಕ್ಕೆ ಬಾಯಿ ಊದಿಕೊಳ್ಳುತ್ತ ಗಾಳಿಯ ವಿಷಯಕ್ಕೆ ಬಂದೆವು. ರಾತ್ರಿ ನೆಲ ಬೇಗ ತಂಪಾಗುತ್ತದೆ, ಸಮುದ್ರ ಆಗುವುದಿಲ್ಲ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ನೀರಿನ ಕಡೆಗೆ ಬೀಸುತ್ತದೆ. ಬರುವ ಅಲೆಯ ಮುಖಕ್ಕೆ ಎದುರು ಬೀಸಿ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ, ಮೈ ನುಣುಪಾಗುತ್ತದೆ. ಬಿಸಿಲು ಏರಿದ ಮೇಲೆ ಎಲ್ಲ ಉಲ್ಟಾ. ಮಧ್ಯಾಹ್ನಕ್ಕೆ ಸಮುದ್ರದ ಗಾಳಿ ನುಗ್ಗಿ ಅಲೆಯನ್ನೆಲ್ಲ ಕದಡಿ ಹಾಕುತ್ತದೆ. ಹುಡುಗನ ಫೋನಿನಲ್ಲಿ ಮಧ್ಯಾಹ್ನ ಎರಡರ ಎದುರು 20 ಕಿಲೋಮೀಟರ್, ಪಶ್ಚಿಮ ಅಂತ ಕೆಂಪಗೆ ಬರೆದಿತ್ತು.

"ಅಂದರೆ ಬೆಳಿಗ್ಗೆ ಆರಕ್ಕೆ ನೀರಿನಲ್ಲಿ ಇರಬೇಕು," ಅಂದ ಹುಡುಗ.

"ಆರಕ್ಕೆ?" ಸಾಹುಕಾರನ ಕೈಯಲ್ಲಿ ಮಿರ್ಚಿ ನಿಂತೇಹೋಯಿತು. "ಸೂಟಿಗೆ ಹೋಗುವುದು ಮಲಗಲಿಕ್ಕೋ ಏಳಲಿಕ್ಕೋ?"

"ಮತ್ತೆ ಮುಲ್ಕಿಯೇ ಯಾಕೆ? ಗೋಕರ್ಣ ಹತ್ತಿರ. ಅರಬೈಲ್ ಘಟ್ಟ ಇಳಿದರೆ ಮುಗೀತು," ಅಂದ ಬುಕಿಂಗ್.

ಅದಕ್ಕೂ ಹುಡುಗನ ಹತ್ತಿರ ಉತ್ತರ ಇತ್ತು. ಮುಲ್ಕಿಯಲ್ಲಿ 2004ರಿಂದಲೇ ಮಂತ್ರ ಸರ್ಫ್ ಕ್ಲಬ್ ಇದೆ. 'ಸರ್ಫಿಂಗ್ ಸ್ವಾಮಿ' ಅಂತಲೇ ಹೆಸರಾದ ಅಮೆರಿಕದ ಸಂನ್ಯಾಸಿ ಜ್ಯಾಕ್ ಹೆಬ್ನರ್ ಅಲ್ಲಿ ಹುಡುಗರಿಗೆ ಕಲಿಸಿದರು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. ಶಾಂಭವಿ, ನಂದಿನಿ ಎರಡೂ ನದಿ ಅಲ್ಲೇ ಸಮುದ್ರ ಸೇರುತ್ತವೆ. ನದಿ ತಂದ ಮರಳು ನೀರಿನ ಕೆಳಗೆ ದಿಬ್ಬ ಕಟ್ಟುತ್ತದೆ, ಅಲೆ ಅದರ ಮೇಲೆ ಬಂದು ಒಡೆಯುತ್ತದೆ. ಅಲೆಯ ಎತ್ತರಕ್ಕಿಂತ ಸ್ವಲ್ಪವೇ ಜಾಸ್ತಿ ಆಳ ಉಳಿದಾಗ ಅದು ಮಗುಚುತ್ತದಂತೆ.

"ಆ ದಿಬ್ಬ ಈಗ ಎಲ್ಲಿದೆ ಅಂತ ಫೋನು ಹೇಳುತ್ತದಾ?" ಬುಕಿಂಗ್ ಕೇಳಿದ.

"ಇಲ್ಲ. ಮಳೆಗಾಲ ಬಂದು ಹೋದಾಗೆಲ್ಲ ಜಾಗ ಬದಲಾಗುತ್ತದೆ. ಅದನ್ನು ಅಲ್ಲಿಯವರೇ ಹೇಳಬೇಕು."

"ಹಾಗೆ ಹೇಳು! ಆರು ಸಾವಿರ ಕಿಲೋಮೀಟರಿನದು ಗೊತ್ತು, ಕಡೇ ನೂರು ಮೀಟರಿನದು ಗೊತ್ತಿಲ್ಲ. ನಮ್ಮ ಲೋಡೂ ಅಷ್ಟೇ. ಗುಜರಾತಿನಿಂದ ಸರಿಯಾಗಿ ಬರುತ್ತದೆ, ಅಮರಗೋಳದಲ್ಲಿ ಅಡ್ರೆಸ್ ಸಿಗುವುದಿಲ್ಲ."

ನಗು ಮುಗಿದ ಮೇಲೆ ಬುಕಿಂಗ್ ಸ್ವಲ್ಪ ಗಂಭೀರನಾದ. ಮೀನಿನ ಗಾಡಿಯವರಿಂದ ಕೇಳಿದ್ದು ಅಂತ ಹೇಳಿದ ಈ ಮಾತನ್ನು ನಾನೂ ಒಪ್ಪುತ್ತೇನೆ. ಬಯಲುಸೀಮೆಯಿಂದ ಹೋದ ನಮ್ಮಂಥವರು ಅಲೆ ಜೋರಿಲ್ಲದ ಜಾಗ ನೋಡಿ ಅಲ್ಲೇ ಇಳಿಯುತ್ತಾರೆ. ಎರಡೂ ಬದಿಗೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದೇ ಇರಬಹುದು. ಸಿಕ್ಕರೆ ಅದರ ಎದುರು ದಡಕ್ಕೆ ಈಜಬಾರದು. ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿ ಹೊರಬರಬೇಕು. ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು, ಫೋನಿನಲ್ಲಿ ಎಷ್ಟು ಸ್ಟಾರ್ ಇದ್ದರೂ.

"ಕ್ಲಾಸಿನಲ್ಲೂ ಸದ್ದಿಲ್ಲದ ಬೆಂಚಿನಲ್ಲೇ ಕಾಪಿ ಚೀಟಿ ಇರುತ್ತಿತ್ತು," ಅಂದರು ಮಾಸ್ತರು.

ಮುಂದಿನ ತಿಂಗಳು ಹೋಗೋಣ ಅಂತ ಸಾಹುಕಾರ ಮೆಲ್ಲಗೆ ಒಂದು ಎಸೆದು ನೋಡಿದ. ನಡೆಯಲಿಲ್ಲ. ರೋಹಿಣಿ ಮುಗಿದು ಮೃಗಶಿರಾ ಹಿಡಿಯುವ ಹೊತ್ತಿಗೆ ಕಡಲು ಯಾರ ಮಾತೂ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. "ದೋಣಿಯವರೇ ಮನೆಯಲ್ಲಿ ಕೂತಿರುವಾಗ ನೀನು ಹಲಗೆ ಹಿಡಿದು ಹೋಗುತ್ತೀಯೇನಲೇ?" ಅಂತ ಬುಕಿಂಗ್ ಬಾಯಿ ಮುಚ್ಚಿಸಿದ.

ಹಾಗಾಗಿ ಈ ಶನಿವಾರವೇ ಅಂತ ಆಯಿತು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಡುವುದು, ಯಲ್ಲಾಪುರ, ಅಂಕೋಲಾ, ಆಮೇಲೆ ಕರಾವಳಿ ಹಿಡಿದು ದಕ್ಷಿಣಕ್ಕೆ. ಗಾಡಿ ಬುಕಿಂಗ್‌ದು. ಡೀಸೆಲ್ ಸಾಹುಕಾರನದು, ಅವನಿಗೆ ಇನ್ನೂ ಹೇಳಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಮಾಸ್ತರ ಮನೆಯಿಂದ. ಹಲಗೆ ಮೇಲೆ ನಿಲ್ಲುವವನು ಹುಡುಗ ಒಬ್ಬನೇ. ನಾವು ದಡದಲ್ಲಿ ನಿಂತು ಸೆಕೆಂಡ್ ಎಣಿಸಿ ಫೋನಿನ ಲೆಕ್ಕ ತಪ್ಪು ಅಂತ ತೋರಿಸುವವರು.

ಎದ್ದು ಹೊರಟಾಗ ಸಾಹುಕಾರ ಹುಡುಗನ ಹೆಗಲು ಹಿಡಿದು ನಿಲ್ಲಿಸಿದ.

"ಆ ಹಲಗೆ ಬಾಡಿಗೆಗೆ ಕೊಡುತ್ತಾರಲ್ಲ, ತಾಸಿಗೆ ಎಷ್ಟು?"

"ಹೋಗಿ ಕೇಳಬೇಕು ಕಾಕಾ."

"ಕೇಳು. ಅಲೆ ಬರದಿದ್ದರೆ ರೊಕ್ಕ ವಾಪಸ್ ಕೊಡುತ್ತಾರಾ, ಅದನ್ನೂ ಈಗಲೇ ಕೇಳಿಬಿಡು."