‘ಟ್ರಾಫಿಕ್ ಕಾಮಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ರಸ್ತೆ ಸುರಕ್ಷತೆಯ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲನೆಯದು ‘ಟ್ರಾಫಿಕ್ ಕಾಮಿಂಗ್’ (traffic calming), ಅಂದರೆ ಗಾಡಿಗಳು ತಾವಾಗೇ ನಿಧಾನ ಆಗುವಂತೆ ರಸ್ತೆಯನ್ನು ಕಟ್ಟುವುದು. ಇದು ಇಂಗ್ಲಿಷಿಗೂ ಜರ್ಮನ್‌ನಿಂದ ಅನುವಾದವಾಗಿ ಬಂದ ಮಾತು. ‘ಸಂಚಾರ ಶಮನ’ ಅಂತ ಬರೆದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ‘ವೇಗ ನಿಯಂತ್ರಣ’ ಎಲ್ಲರಿಗೂ ಗೊತ್ತು, ಆದರೆ ಅದನ್ನು ಕೇಳಿದ ಕೂಡಲೇ ಕಣ್ಣಮುಂದೆ ಬರುವುದು ಫಲಕ, ಕ್ಯಾಮೆರಾ, ದಂಡ. ನಾನು ಹೇಳಬೇಕಾದದ್ದು ಬೇರೆ. ಬೋರ್ಡ್ ಇರಲಿ, ಇಲ್ಲದಿರಲಿ, ರಸ್ತೆಯ ಆಕಾರವೇ ಗಾಡಿಯ ವೇಗ ಇಳಿಸಬೇಕು.

ಬೀದಿ ತಿರುಗುವ ಮೂಲೆಯನ್ನೇ ನೋಡಿ. ಫುಟ್‌ಪಾತಿನ ಅಂಚನ್ನು ಅಲ್ಲಿ ಅಗಲವಾಗಿ ದುಂಡಗೆ ಕತ್ತರಿಸಿದರೆ ಕಾರು ಬ್ರೇಕ್ ಮುಟ್ಟದೆ ತಿರುಗಿಬಿಡುತ್ತದೆ. ನಡೆದು ದಾಟುವವರಿಗೆ ದಾಟುವ ದೂರವೂ ಜಾಸ್ತಿಯಾಗುತ್ತದೆ. ಅದೇ ಮೂಲೆಯನ್ನು ಬಿಗಿ ಮಾಡಿದರೆ ಚಾಲಕ ನಿಧಾನ ಮಾಡಲೇಬೇಕು. ಯಾರೂ ಅಲ್ಲಿ ನಿಂತು ಕಾವಲು ಕಾಯಬೇಕಾಗಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದುವ ಗಾಡಿಯ ಶಕ್ತಿ 30 ಕಿ.ಮೀ. ವೇಗದಲ್ಲಿ ಇರುವುದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಹಾಗಾಗಿ ಈ ಸಣ್ಣ ಮೂಲೆ ಒಂದು ಜೀವದ ಪ್ರಶ್ನೆ.

‘ವೇಗತಗ್ಗು’ ಅಂತ ಹೊಸೆದು ನೋಡಿದೆ. ಆದರೆ ತಗ್ಗು ಅಂದರೆ ಗುಂಡಿ ಅಂತಲೂ ಅರ್ಥ. ರಸ್ತೆಯ ವಿಷಯದಲ್ಲಿ ಅದು ಬೇಡವೇ ಬೇಡ, ಅಲ್ವಾ? ಈಗ ಮನಸ್ಸು ‘ವೇಗ ಇಳಿಸುವ ವಿನ್ಯಾಸ’ದ ಕಡೆ ವಾಲಿದೆ. ಉದ್ದ, ಆದರೆ ಮೊದಲ ಓದಿಗೇ ಅರ್ಥವಾಗುತ್ತದೆ. ಹೀಗೆ ಕಟ್ಟಿದ ಬೀದಿಯನ್ನು ‘ನಿಧಾನಬೀದಿ’ ಅನ್ನಬಹುದೇ? ನೆದರ್‌ಲ್ಯಾಂಡ್ಸ್‌ನಲ್ಲಿ 1976ರಲ್ಲಿ ಕಾನೂನಿಗೆ ಸೇರಿದ ‘ವೋನ್‌ಎರ್ಫ್’ ಅನ್ನುವ ಬಗೆಯ ಬೀದಿಯ ಹೆಸರಿನಲ್ಲಿ ವಾಸ, ಅಂಗಳ ಎರಡೂ ಇವೆ. ಅಲ್ಲಿ ಗಾಡಿ ನಡಿಗೆಯ ವೇಗದಲ್ಲಿ ಹೋಗಬೇಕು, ಮಕ್ಕಳು ಬೀದಿಯಲ್ಲೇ ಆಡಬಹುದು. ನಮ್ಮ ‘ಅಂಗಳ’ವೂ ಇದಕ್ಕೆ ಒಗ್ಗುತ್ತದೆ ಅನ್ನಿಸುತ್ತದೆ.

ಎರಡನೆಯದು ‘ರೌಂಡಬೌಟ್’, ಅಂದರೆ ರಸ್ತೆಗಳು ಕೂಡುವ ಕಡೆ ಗಾಡಿಗಳು ನಡುವಿನ ಕಟ್ಟೆಯನ್ನು ಸುತ್ತಿಕೊಂಡು ಹೋಗುವ ಜಾಗ. ನಾವು ರಸ್ತೆಗಳು ಕೂಡುವ ಯಾವ ಜಾಗವನ್ನೂ ‘ಸರ್ಕಲ್’ ಅಂದುಬಿಡುತ್ತೇವೆ, ನಡುವೆ ಸುತ್ತುಕಟ್ಟೆ ಇರಲಿ ಬಿಡಲಿ. ಮಾತಿಗೆ ಅದು ಸಾಕು, ಕೈಪಿಡಿಗೆ ಸಾಲದು. ಎರಡು ರಸ್ತೆ ಅಡ್ಡಹಾಯುವ ಕಡೆ ಗಾಡಿಗಳ ದಾರಿಗಳು ಒಂದಕ್ಕೊಂದು ಸಿಕ್ಕುವ ಬಿಂದುಗಳು 32. ಅದೇ ನಾಲ್ಕು ದಿಕ್ಕಿನಿಂದ ಬಂದವರು ಒಂದೇ ಸಾಲಿನಲ್ಲಿ ಕಟ್ಟೆ ಸುತ್ತಿ ಹೋದರೆ ಬರೀ 8. ಎದುರುಬದುರು ಗುದ್ದುವ, ಪಕ್ಕಕ್ಕೆ ನೇರವಾಗಿ ನುಗ್ಗುವ ಅಪಘಾತಗಳು ಅಲ್ಲಿ ಬಹಳ ಕಡಿಮೆ. ಎರಡಕ್ಕೂ ಒಂದೇ ಹೆಸರಿದ್ದರೆ ಈ ವ್ಯತ್ಯಾಸವನ್ನು ಹೇಳುವುದೇ ಕಷ್ಟ. ಕಟ್ಟೆ ಇಲ್ಲದ್ದಕ್ಕೆ ‘ಕೂಡುರಸ್ತೆ’, ಕಟ್ಟೆ ಇರುವುದಕ್ಕೆ ‘ಸುತ್ತುವೃತ್ತ’ ಅಂತ ಸದ್ಯಕ್ಕೆ ಬರೆದಿದ್ದೇನೆ. ‘ಸುತ್ತುವೃತ್ತ’ ನನಗೇ ಒಪ್ಪಿಗೆಯಿಲ್ಲ, ಅಚ್ಚಿಗೆ ಹೋಗುವ ಮೊದಲು ಬದಲಾಯಿಸಬೇಕು.

ಗಾಡಿ ಓಡಿಸುವವರು, ರಸ್ತೆ ಕೆಲಸದವರು ಬಾಯಲ್ಲಿ ಬಳಸುವ ಮಾತು ಯಾವುದಾದರೂ ನಿಮ್ಮ ಕಿವಿಗೆ ಬಿದ್ದಿದ್ದರೆ, ಯಾವ ಕಡೆಯ ಬಳಕೆ ಅನ್ನುವುದರ ಜೊತೆಗೆ ತಿಳಿಸಿ.